ಊರಿನಲ್ಲಿದ್ದು ಮಾಡುವ ಸಾಫ್ಟ್‌ವೇರ್ ಕೆಲಸದ ವಿಚಾರ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಿಂದ ಬಂದು ನಮ್ಮ ಪಾಠಶಾಲೆಯಲ್ಲಿ ಓದಿಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಇಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಉದ್ಯೋಗಸ್ಥರಾಗಿರುವರು. ಹಿಂದೆ ಇವರ ತಾಯ್ತಂದೆಗಳನ್ನು ವಿಚಾರಿಸಿದರೆ "ಮಗಳು ಬೆಂಗಳೂರಿನಲ್ಲಿದ್ದಾಳೆ" ಎಂಬ ಒಂದೇ ಉತ್ತರ ಬರುತ್ತಿತ್ತು. ಆ ಉತ್ತರದಲ್ಲಿಯೇ ಎಲ್ಲವೂ ಅಡಗಿತ್ತು. ಕಚೇರಿ ಎಂಬುದೊಂದುಂಟು, ಅಲ್ಲಿಗೆ ಅವಳು ಹೋಗಿಬರುವಳು, ಸಂಬಳ ಬರುವುದು. ಈಚಿನ ವರ್ಷಗಳಲ್ಲಿ ಅದೇ ಮಗಳು ವಾರದಲ್ಲಿ ಎರಡು ದಿನವೋ, ತಿಂಗಳಲ್ಲಿ ಎರಡು ವಾರವೋ, ಕೆಲವೆಡೆ ವರ್ಷವೆಲ್ಲವೂ ತವರಿನಲ್ಲಿಯೋ ಅತ್ತೆಯ ಮನೆಯಲ್ಲಿಯೋ ಕುಳಿತು ಕೆಲಸಮಾಡುವಳು. ಇದರಿಂದ ಹಿರಿಯರ ಮನಸ್ಸಿನಲ್ಲಿ ಒಂದು ಗಲಿಬಿಲಿಯುಂಟಾಗಿದೆ.

ಚನ್ನಗಿರಿಯ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು ನನ್ನನ್ನು ಹೀಗೆ ಕೇಳಿದರು: "ಮೇಡಂ, ಮಗಳು ಮನೆಯಲ್ಲೇ ಇದ್ದಾಳೆ, ಕೆಲಸ ಅಂತಾಳೆ. ನೋಡಿದರೆ ಅರ್ಧ ಹೊತ್ತು ಪರದೆ ನೋಡ್ತಾ ಸುಮ್ಮನೆ ಕೂತಿರ್ತಾಳೆ, ಅರ್ಧ ಹೊತ್ತು ಯಾರ ಸಂಗಡಲೋ ಮಾತಾಡ್ತಿರ್ತಾಳೆ. ಎದುರಿಗೆ ಒಬ್ಬ ಮೇಲಧಿಕಾರಿ ಇಲ್ಲ, ಜೊತೆಗಾರರಿಲ್ಲ. ಇಷ್ಟಕ್ಕೆ ಅಷ್ಟು ಸಂಬಳ ಯಾಕೆ ಕೊಡ್ತಾರೆ?" ಅವರು ಕುಚೋದ್ಯಕ್ಕಾಗಿ ಕೇಳಿದವರಲ್ಲ. ಮಗಳು ಏನೋ ಮರೆಮಾಚುತ್ತಿರುವಳೆಂಬ ಅಳುಕು ಆ ತಂದೆಯಲ್ಲಿದ್ದಿತು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಅನೇಕರು ಕೇಳಿರುವುದರಿಂದ ಉತ್ತರವನ್ನು ಈ ಸಂಚಿಕೆಯಲ್ಲಿಯೇ ಬರೆಯುವುದು ಒಳ್ಳೆಯದೆಂದು ತೋರಿತು. ಕೆಲಸದ ವಿವರಗಳನ್ನು ನನಗೆ ತಿಳಿಯಹೇಳಿದವರು ಆ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ. ಒಮ್ಮೆ ನಾವು ಕಲಿಸಿದವರ ಬಳಿ ಕುಳಿತು ಪಾಠ ಹೇಳಿಸಿಕೊಳ್ಳುವುದು ಉಪಾಧ್ಯಾಯಿನಿಯರಿಗೆ ಒದಗುವ ಸುಖಗಳಲ್ಲೊಂದು.

ಮೊದಲು ತಿಳಿಯತಕ್ಕದ್ದೇನೆಂದರೆ, ಸಾಫ್ಟ್‌ವೇರ್ ಎಂಬುದು ಒಂದು ಬರಹ. ಬ್ಯಾಂಕಿನ ಯಂತ್ರದಿಂದ ಹಣ ಹೊರಬರುವುದು, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳನ್ನೊತ್ತಿದೊಡನೆ ಹೆಸರು ಮೂಡುವುದು, ಬಸ್ಸಿನ ಸೀಟನ್ನು ಮನೆಯಿಂದಲೇ ಕಾದಿರಿಸುವುದು, ಇವೆಲ್ಲವೂ ಯಾರೋ ಬರೆದಿಟ್ಟ ಆಜ್ಞಾವಾಕ್ಯಗಳನ್ನು ಯಂತ್ರವು ಸಾಲುಸಾಲಾಗಿ ಓದಿ ನಡೆಸುವುದರಿಂದ ಆಗುವ ಕಾರ್ಯಗಳು. ಒಂದು ದೊಡ್ಡ ವ್ಯವಸ್ಥೆಯಲ್ಲಿ ಇಂತಹ ಸಾಲುಗಳು ಲಕ್ಷಗಟ್ಟಲೆ ಇರುವುವು. ಅಷ್ಟನ್ನು ಒಬ್ಬರೇ ಬರೆಯಲಾರರು, ಬರೆದರೂ ತಿದ್ದಿಕೊಂಡು ಕಾಪಾಡಲಾರರು. ಆದುದರಿಂದ ಆರು, ಎಂಟು, ಹತ್ತು ಜನರ ತಂಡಗಳು ಒಂದೊಂದು ಭಾಗವನ್ನು ವಹಿಸಿಕೊಳ್ಳುವುವು. ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಯಂತ್ರವಿದ್ದೆಡೆಗೆ ಕೆಲಸಗಾರನು ಸೈರನ್ನಿನ ಹೊತ್ತಿಗೆ ಹೋಗಿ ನಿಲ್ಲಲೇಬೇಕಾಗಿತ್ತು. ಮಗ್ಗವನ್ನು ತಂತಿಯ ಮೂಲಕ ಮನೆಗೆ ಕಳುಹಿಸಲಾಗುತ್ತಿರಲಿಲ್ಲ. ಬರಹವನ್ನಾದರೋ ಕಳುಹಿಸಬಹುದು. ದೂರದಲ್ಲಿದ್ದು ಕೂಡಿ ದುಡಿಯುವುದು ಸಾಧ್ಯವಾದುದಕ್ಕೆ ಮೂಲಕಾರಣ ಇಷ್ಟೇ.

ಈ ಏರ್ಪಾಡು ಕರ್ನಾಟಕಕ್ಕೆ ಹೊಸದೂ ಅಲ್ಲ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಕಚೇರಿಯನ್ನು ತೆರೆದು, ಉಪಗ್ರಹದ ಮೂಲಕ ತನ್ನ ವಿದೇಶದ ಕಚೇರಿಗಳೊಡನೆ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ಆ ಕಾಲದ ಸಾಧನಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರೆಂಬ ಮಾತನ್ನು ಬೆಂಗಳೂರಿನವರು ಈಗಲೂ ಹೇಳುವುದುಂಟು. ಅದಕ್ಕೆ ಮುಂಚೆ ನಮ್ಮ ದೇಶದ ಸಂಸ್ಥೆಗಳು ಪರದೇಶದ ಕೆಲಸವನ್ನು ಒಪ್ಪಿಕೊಂಡರೆ ಬಹುಮಟ್ಟಿಗೆ ಮನುಷ್ಯರನ್ನೇ ವಿಮಾನವೇರಿಸಿ ಕಳುಹಿಸಬೇಕಾಗಿತ್ತು. ಸಂಪರ್ಕವು ಸುಲಭವಾದ ಮೇಲೆ, ಕೆಲವರು ಅಲ್ಲಿ ಗಿರಾಕಿಯ ಬಳಿ ಇದ್ದು ಹೆಚ್ಚಿನವರು ಇಲ್ಲಿಯೇ ಕುಳಿತು ದುಡಿಯುವ ಪದ್ಧತಿ ಬಂದಿತು. 1983ರಿಂದ ಬೆಂಗಳೂರಿನಲ್ಲಿ ನೆಲೆಸಿದ ಇನ್‌ಫೋಸಿಸ್ ಮೊದಲಾದ ಸಂಸ್ಥೆಗಳು ಬೆಳೆದುದು ಈ ಪದ್ಧತಿಯಿಂದಲೇ. ಹೀಗೆ ನೋಡಿದರೆ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕುಳಿತವಳೂ ತನ್ನ ತಂಡದ ಅರ್ಧ ಜನಕ್ಕೆ ದೂರದವಳೇ ಆಗಿದ್ದಳು. 2020ರ ಮಾರ್ಚ್ 25ರಿಂದ ದೇಶವೆಲ್ಲವೂ ಬಾಗಿಲು ಹಾಕಿಕೊಂಡಾಗ ಕಟ್ಟಡವೂ ಬಿಟ್ಟುಹೋಯಿತು. ಬಾಡಿಗೆಯ ಕೋಣೆಗಳನ್ನು ಖಾಲಿಮಾಡಿ ಮಕ್ಕಳು ಊರುಗಳಿಗೆ ಬಂದರು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಮನೆಯಿಂದ ಕೆಲಸಮಾಡುವುದಕ್ಕೆ ಅಡ್ಡಿಯಾಗಿದ್ದ ಕೆಲವು ನಿಬಂಧನೆಗಳನ್ನು ಸಡಿಲಿಸಿತು.

ಇನ್ನು ಕೆಲಸದ ಒಳಬಗೆಯನ್ನು ನೋಡೋಣ. ಒಂದೇ ಬರಹವನ್ನು ಹತ್ತು ಜನರು ಹತ್ತು ಊರುಗಳಲ್ಲಿ ಕುಳಿತು ಒಂದೇ ಹೊತ್ತಿನಲ್ಲಿ ತಿದ್ದುತ್ತಿದ್ದರೆ ಅದು ಹಾಳಾಗದೆ ಉಳಿಯುವುದು ಹೇಗೆ? ಪಾಠಶಾಲೆಯ ವೇಳಾಪಟ್ಟಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿರಿ. ಗಣಿತದ ಉಪಾಧ್ಯಾಯಿನಿಯು ಅದರ ಪ್ರತಿಯೊಂದನ್ನು ಮನೆಗೆ ಒಯ್ದು ಶುಕ್ರವಾರದ ಮೂರನೆಯ ಅವಧಿಯನ್ನು ಬದಲಾಯಿಸುವರು. ಅದೇ ರಾತ್ರಿ ಕನ್ನಡ ಪಂಡಿತರು ಮತ್ತೊಂದು ಪ್ರತಿಯಲ್ಲಿ ಸೋಮವಾರದ ಅವಧಿಯನ್ನೂ ಶುಕ್ರವಾರದ ಅದೇ ಮೂರನೆಯ ಅವಧಿಯನ್ನೂ ಬದಲಾಯಿಸುವರು. ಮರುದಿನ ಇಬ್ಬರೂ ತಮ್ಮ ತಮ್ಮ ಪ್ರತಿಯನ್ನು ಮೇಜಿನ ಮೇಲೆ ಇಟ್ಟರೆ ಯಾವುದು ನಿಜವಾದ ಪಟ್ಟಿ? ಕೊನೆಯದಾಗಿ ಇಟ್ಟವರದೇ ನಿಜವೆಂದರೆ ಮೊದಲಿನವರ ಶ್ರಮ ವ್ಯರ್ಥವಾಗುವುದು. ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಒಬ್ಬರು ತಿದ್ದುವಾಗ ಮತ್ತೊಬ್ಬರು ಮುಟ್ಟಕೂಡದೆಂದರೆ ತಪ್ಪು ತಪ್ಪುವುದು, ಆದರೆ ಕೆಲಸವು ಬಸವನಹುಳುವಿನಂತೆ ತೆವಳುವುದು. ಹಳೆಯ ಕಾಲದ ಸಾಫ್ಟ್‌ವೇರ್ ತಂಡಗಳಲ್ಲಿ ಈ ಬೀಗದ ಪದ್ಧತಿಯೇ ಬಹಳ ದಿನ ನಡೆಯಿತು.

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಗಿಟ್ ಎಂಬ ಸಾಧನ. ಅದರ ಹುಟ್ಟಿನ ಕಥೆಯು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ ಲಿನಕ್ಸ್ ಎಂಬ ತಂತ್ರಾಂಶವನ್ನು ಆರಂಭಿಸಿ, ಇಷ್ಟವಿದ್ದವರೆಲ್ಲರೂ ತಿದ್ದಬಹುದೆಂದು ಅದನ್ನು ಲೋಕಕ್ಕೆ ತೆರೆದಿಟ್ಟರು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳಪಾಯವೂ ಇದೇ ಲಿನಕ್ಸ್. ಒಬ್ಬರ ಮುಖವನ್ನೊಬ್ಬರು ಕಾಣದ ಸಾವಿರಾರು ಜನರು ಇ-ಮೇಲಿನ ಮೂಲಕ ತಿದ್ದುಪಡಿಗಳನ್ನು ಕಳುಹಿಸುತ್ತಿದ್ದರು. ಇವುಗಳನ್ನು ಹೊಂದಿಸಿಡುವುದಕ್ಕೆ ಅವರು ಉಪಯೋಗಿಸುತ್ತಿದ್ದ ಬೇರೊಂದು ಸಂಸ್ಥೆಯ ಸಾಧನವನ್ನು ಉಚಿತವಾಗಿ ಬಳಸುವ ಅನುಮತಿಯು 2005ರಲ್ಲಿ ತಪ್ಪಿಹೋಯಿತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಟೋರ್ವಾಲ್ಡ್ಸ್‌ರವರು ತಾವೇ ಕುಳಿತು ಕೆಲವೇ ವಾರಗಳಲ್ಲಿ ಗಿಟ್ಟನ್ನು ರಚಿಸಿದರು.

ಗಿಟ್ಟಿನ ಗುಟ್ಟೇನೆಂದರೆ, ತಂಡದ ಪ್ರತಿಯೊಬ್ಬರ ಬಳಿಯೂ ಇಡೀ ಪುಸ್ತಕವಿರುವುದು. ಪುಸ್ತಕ ಮಾತ್ರವೇ ಅಲ್ಲದೆ, ಮೊದಲ ದಿನದಿಂದ ಅದರಲ್ಲಿ ಯಾರು, ಯಾವಾಗ, ಯಾವ ಸಾಲನ್ನು, ಏಕೆ ಬದಲಾಯಿಸಿದರೆಂಬ ಪೂರ್ಣ ಚರಿತ್ರೆಯೂ ಇರುವುದು. ಜಗಳೂರಿನಲ್ಲಿ ಕುಳಿತವಳು ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವವರೆಗೆ ತನ್ನ ಪ್ರತಿಯಲ್ಲಿ ಬರೆಯುತ್ತ ಹೋಗಬಹುದು. ಸಂಪರ್ಕ ಬಂದೊಡನೆ ತನ್ನ ಬದಲಾವಣೆಗಳನ್ನು ತಂಡದ ಪ್ರತಿಯೊಡನೆ ಕೂಡಿಸುವಳು. ಆಗ ಯಂತ್ರವು ಮೂರು ಪಾಠಗಳನ್ನು ಎದುರಿಗಿಟ್ಟುಕೊಂಡು ಹೋಲಿಸುವುದು: ಇಬ್ಬರೂ ಹೊರಟ ಮೂಲಪಾಠ, ಒಬ್ಬಳ ತಿದ್ದಿದ ಪಾಠ, ಮತ್ತೊಬ್ಬರ ತಿದ್ದಿದ ಪಾಠ. ಬದಲಾವಣೆಗಳು ಬೇರೆ ಬೇರೆ ಕಡೆಗಳಲ್ಲಿದ್ದರೆ ತಾನೇ ಎರಡನ್ನೂ ಕೂಡಿಸಿಬಿಡುವುದು. ನಮ್ಮ ಪಂಡಿತರ ಸೋಮವಾರದ ಅವಧಿಯು ಹೀಗೆ ತೊಂದರೆಯಿಲ್ಲದೆ ಪಟ್ಟಿಗೆ ಸೇರುವುದು. ಇಬ್ಬರೂ ಒಂದೇ ಸಾಲನ್ನು ಮುಟ್ಟಿದ್ದರೆ, ಅಂದರೆ ಶುಕ್ರವಾರದ ಮೂರನೆಯ ಅವಧಿಗೆ ಬಂದಾಗ, ಯಂತ್ರವು ತೀರ್ಪು ಕೊಡುವುದಿಲ್ಲ. ಆ ಸ್ಥಳಕ್ಕೆ ಗುರುತು ಹಾಕಿ ನಿಂತುಬಿಡುವುದು. ಇಲ್ಲಿ ನೀವಿಬ್ಬರೂ ಮಾತಾಡಿಕೊಳ್ಳಿರೆಂದು ಅದರ ಅರ್ಥ. ಯಂತ್ರಕ್ಕೆ ಇಷ್ಟು ವಿನಯವಿರುವುದನ್ನು ಕೇಳಿ ನನಗೆ ಸಂತೋಷವಾಯಿತು.

ಹೀಗೆ ಕೂಡಿಸುವ ಪ್ರತಿಯೊಂದು ತಿದ್ದುಪಡಿಯೊಂದಿಗೂ ಅದರ ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ಬರೆಯಬೇಕು. "ಸರಿಪಡಿಸಿದೆ" ಎಂದಷ್ಟೇ ಬರೆದರೆ, ಹೆಜ್ಜೆಗಳಿಲ್ಲದೆ ಉತ್ತರವನ್ನು ಮಾತ್ರ ಬರೆದ ಲೆಕ್ಕದಂತೆ ಅದು ಯಾರಿಗೂ ಪ್ರಯೋಜನವಾಗದು. ಎರಡು ವರ್ಷಗಳ ಅನಂತರ ಬೇರೊಂದು ದೇಶದಲ್ಲಿರುವವರು ಆ ಸಾಲನ್ನು ನೋಡಿ, ಇದು ಇಲ್ಲಿ ಏಕಿದೆಯೆಂದು ತಿಳಿಯಬಯಸುವರು. ಬರೆದವಳು ಆ ಹೊತ್ತಿಗೆ ಆ ಸಂಸ್ಥೆಯಲ್ಲಿಯೇ ಇಲ್ಲದಿರಬಹುದು. ನ್ಯಾಮತಿಯ ಹಳೆಯ ವಿದ್ಯಾರ್ಥಿನಿಯೊಬ್ಬಳು, ಒಂಬತ್ತನೆಯ ತರಗತಿಯಲ್ಲಿ ಅಳುತ್ತ ಮಾಡುತ್ತಿದ್ದ ಸಂಕ್ಷೇಪ ಲೇಖನದ ಅಭ್ಯಾಸವೇ ಈಗ ತನಗೆ ಗಣಿತಕ್ಕಿಂತ ಹೆಚ್ಚಾಗಿ ಒದಗಿಬರುತ್ತಿದೆಯೆಂದು ಹೇಳಿದಳು. ಭಾಷೆಯ ಉಪಾಧ್ಯಾಯಿನಿಯರು ಇದನ್ನು ಗಮನಿಸಬೇಕು.

ಬರೆದುದು ಒಡನೆ ಬಳಕೆಗೆ ಹೋಗುವುದಿಲ್ಲ. ತಂಡದಲ್ಲಿ ಮತ್ತೊಬ್ಬರಾದರೂ ಅದನ್ನು ಸಾಲುಸಾಲಾಗಿ ಓದಿ ಒಪ್ಪಬೇಕು. ಓದುವವರು ಅಂಚಿನಲ್ಲಿ ಪ್ರಶ್ನೆಗಳನ್ನು ಹಾಕುವರು. ಬರೆದವಳು ಉತ್ತರ ಕೊಡಬೇಕು, ಇಲ್ಲವೇ ತಿದ್ದಬೇಕು. ಅದಲ್ಲದೆ ಹಿಂದೆಯೇ ಬರೆದಿಟ್ಟ ನೂರಾರು ಪರೀಕ್ಷೆಗಳನ್ನು ಯಂತ್ರವು ತಾನಾಗಿ ನಡೆಸಿ, ಹೊಸ ಸಾಲು ಹಳೆಯದನ್ನು ಕೆಡಿಸಿದೆಯೇ ಎಂದು ನೋಡುವುದು. ಮಗಳು "ಸುಮ್ಮನೆ ಪರದೆ ನೋಡ್ತಿರ್ತಾಳೆ" ಎಂದು ಆ ತಂದೆಯವರು ಹೇಳಿದರಲ್ಲವೇ? ಆ ಹೊತ್ತಿನಲ್ಲಿ ಅವಳು ಬಹುಶಃ ಮತ್ತೊಬ್ಬರ ಬರಹವನ್ನು ಓದುತ್ತಿದ್ದಳು. ಉತ್ತರಪತ್ರಿಕೆಗಳನ್ನು ತಿದ್ದುತ್ತಿರುವ ಉಪಾಧ್ಯಾಯಿನಿಯೂ ನೋಡುವವರಿಗೆ ಸುಮ್ಮನೆ ಕುಳಿತಂತೆಯೇ ಕಾಣುವಳು.

ಮಾತುಕತೆಯ ವಿಷಯ. ದಿನಕ್ಕೊಮ್ಮೆ ತಂಡದವರೆಲ್ಲರೂ ಹದಿನೈದು ನಿಮಿಷಗಳ ಕಾಲ ಪರದೆಯ ಮೇಲೆ ಸೇರುವರು. ನಿನ್ನೆ ಏನು ಮುಗಿಯಿತು, ಇಂದು ಏನು ಮಾಡುವೆ, ಯಾವುದು ಅಡ್ಡಿಯಾಗಿದೆ, ಇಷ್ಟನ್ನು ಒಬ್ಬೊಬ್ಬರೂ ಹೇಳುವರು. ಉಳಿದ ಕೆಲಸಗಳೆಲ್ಲ ಒಂದು ಫಲಕದ ಮೇಲೆ ಚೀಟಿಗಳಾಗಿ ಇರುವುವು. ಪ್ರತಿ ಚೀಟಿಯ ಮೇಲೂ ಒಬ್ಬರ ಹೆಸರು. 2001ರಲ್ಲಿ ಅಮೆರಿಕದಲ್ಲಿ ಹದಿನೇಳು ಜನ ಪ್ರಾಜ್ಞರು ಕೂಡಿ ಸಾಫ್ಟ್‌ವೇರ್ ಕೆಲಸದ ಪದ್ಧತಿಯನ್ನು ಕುರಿತು ಒಂದು ಪ್ರಕಟಣೆಯನ್ನು ಹೊರಡಿಸಿದರು. ಈಗಿನ ತಂಡಗಳ ನಡವಳಿಕೆಗೆ ಬಹುಮಟ್ಟಿಗೆ ಅದೇ ಆಧಾರ. ಎದುರುಬದುರು ಕುಳಿತು ಮಾತಾಡುವುದೇ ವಿಷಯವನ್ನು ತಿಳಿಸುವುದಕ್ಕೆ ಎಲ್ಲಕ್ಕಿಂತಲೂ ಒಳ್ಳೆಯ ಮಾರ್ಗವೆಂದು ಅವರು ಅದರೊಡನೆ ಸಾರಿದ್ದರು. ಅದೇ ಪದ್ಧತಿಯನ್ನು ಇಂದು ಮುಖ ಕಾಣದವರು ಅನುಸರಿಸುತ್ತಿರುವುದು ಒಂದು ವಿನೋದವೇ ಸರಿ. ಎದುರಿಗೆ ಕುಳಿತಾಗ ಹುಬ್ಬೇರಿಸಿದರೆ ತಿಳಿಯುವ ಸಂಗತಿಯನ್ನು ದೂರದಲ್ಲಿ ಬರೆದು ತಿಳಿಸಬೇಕು. ಆದಕಾರಣ ಚೆನ್ನಾಗಿ ನಡೆಯುವ ತಂಡಗಳಲ್ಲಿ ಒಂದು ಕಟ್ಟುಪಾಡುಂಟು: ಯಾವ ತೀರ್ಮಾನವನ್ನು ಮಾತಿನಲ್ಲಿ ಮಾಡಿದರೂ ಅದನ್ನು ಎಲ್ಲರೂ ನೋಡುವ ಕಡೆ ಬರೆದಿಡಬೇಕು. ಬೆಂಗಳೂರಿನ ಕಚೇರಿಯಲ್ಲಿ ನಾಲ್ವರು ಕಾಫಿ ಕುಡಿಯುತ್ತ ಒಂದು ತೀರ್ಮಾನ ಮಾಡಿ, ಊರಿನಲ್ಲಿರುವ ಐದನೆಯವಳಿಗೆ ತಿಳಿಸದೆ ಹೋದರೆ ಅವಳ ಮೂರು ದಿನದ ಕೆಲಸ ನೀರಿನಲ್ಲಿ ಹೋಮವಾಗುವುದು. ಎಲ್ಲರೂ ದೂರವಿರುವ ತಂಡಕ್ಕಿಂತ, ಕೆಲವರು ಒಟ್ಟಿಗಿದ್ದು ಕೆಲವರು ಮಾತ್ರ ದೂರವಿರುವ ತಂಡವೇ ನಡೆಸಲು ಕಷ್ಟವೆಂದು ನಮ್ಮ ಹುಡುಗಿಯರೆಲ್ಲರೂ ಒಂದೇ ಬಾಯಿಂದ ಹೇಳಿದರು. ನನಗೂ ಅದು ಸರಿಯೆಂದೇ ತೋರುವುದು.

ರಾತ್ರಿಯ ಹೊತ್ತಿನ ಮೀಟಿಂಗುಗಳ ಬಗೆಗೆ ತಾಯಂದಿರಿಗೆ ಇರುವ ಬೇಸರವು ನನಗೆ ಗೊತ್ತು. ಇದಕ್ಕೆ ಕಾರಣವು ಭೂಗೋಳದ ಪಾಠದಲ್ಲಿದೆ. ನಮ್ಮ ಗಡಿಯಾರವು ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದಿರುವುದು. ಚಳಿಗಾಲದಲ್ಲಿ ಲಂಡನ್ನಿನಲ್ಲಿ ಬೆಳಗಿನ 9 ಗಂಟೆಯಾದಾಗ ನಮಗೆ ಮಧ್ಯಾಹ್ನ ಎರಡೂವರೆ. ಆದುದರಿಂದ ಇಂಗ್ಲೆಂಡಿನವರೊಡನೆ ಕೆಲಸವಿದ್ದವಳಿಗೆ ಸಂಜೆಯೊಳಗೆ ಮಾತು ಮುಗಿಯುವುದು. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ 9 ಗಂಟೆಯೆಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ. ಈ ಒಂದು ಗಂಟೆಯ ವ್ಯತ್ಯಾಸ ಏಕೆಂದರೆ, ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರಿನ ಮೊದಲನೆಯ ಭಾನುವಾರ ಮತ್ತೆ ಹಿಂದಕ್ಕೆ ತಿರುಗಿಸುವರು. ಇಂಗ್ಲೆಂಡಿನಲ್ಲಿ ಹೀಗೆ ಮಾಡುವುದು ಮಾರ್ಚ್ ಮತ್ತು ಅಕ್ಟೋಬರುಗಳ ಕಡೆಯ ಭಾನುವಾರಗಳಲ್ಲಿ. ನಮ್ಮ ದೇಶದಲ್ಲಿ ಈ ಪದ್ಧತಿಯಿಲ್ಲ. ಆದುದರಿಂದ ಮಗಳು "ಅಮ್ಮಾ, ಇವತ್ತಿನಿಂದ ಮೀಟಿಂಗ್ ಒಂದು ಗಂಟೆ ತಡ" ಎಂದು ನವೆಂಬರಿನಲ್ಲಿ ಹೇಳಿದರೆ ಅದು ಅವಳ ನೆಪವಲ್ಲ; ಅಮೆರಿಕದವರ ಗಡಿಯಾರದ ಕೆಲಸ.

ಈ ಅಂತರವನ್ನೇ ಅನುಕೂಲಕ್ಕೆ ತಿರುಗಿಸಿಕೊಳ್ಳುವುದೂ ಉಂಟು. ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಯ ನರ್ಸು ಬೆಳಗಿನ ಪಾಳಿಯವಳಿಗೆ ಪ್ರತಿಯೊಂದು ಹಾಸಿಗೆಯ ವಿವರವನ್ನೂ ಒಪ್ಪಿಸಿ ಹೋಗುವಂತೆ, ಇಲ್ಲಿನವರು ಸಂಜೆ ಕೆಲಸವನ್ನು ನಿಲ್ಲಿಸುವಾಗ ಎಲ್ಲಿಗೆ ಬಂದಿತೆಂದು ಬರೆದಿಟ್ಟರೆ, ಆಗ ತಾನೇ ಬೆಳಗಾದ ಕಡೆಯವರು ಅಲ್ಲಿಂದ ಮುಂದುವರಿಸುವರು. ಒಪ್ಪಿಸುವ ಮಾತು ಸ್ಪಷ್ಟವಾಗಿದ್ದರೆ ಹೊತ್ತು ಉಳಿಯುವುದು; ಅಸ್ಪಷ್ಟವಾಗಿದ್ದರೆ ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರುವುದಕ್ಕೆ ಒಂದು ಹಗಲೂ ಒಂದು ರಾತ್ರಿಯೂ ಹಿಡಿಯುವುದು. ಇಷ್ಟಾದರೂ ರಾತ್ರಿಯ ಮಾತುಕತೆಯ ಭಾರವನ್ನು ಯಾವಾಗಲೂ ನಮ್ಮ ಕಡೆಯವರೇ ಹೊರಬೇಕೆಂಬುದು ನ್ಯಾಯವಲ್ಲ. ಕೆಲವು ತಂಡಗಳಲ್ಲಿ ಒಂದು ವಾರ ಇವರಿಗೆ ರಾತ್ರಿ, ಮುಂದಿನ ವಾರ ಅವರಿಗೆ ಮುಂಜಾವ ಎಂದು ಸರದಿ ಹಾಕಿಕೊಳ್ಳುವರಂತೆ. ಹಾಗೆ ಕೇಳುವುದರಲ್ಲಿ ನಮ್ಮ ಹುಡುಗಿಯರು ಸಂಕೋಚಪಡಬಾರದು.

ದೂರದ ತಂಡಗಳ ನಡುವೆ ಮಾತು ತಪ್ಪಿದರೆ ಆಗುವ ನಷ್ಟಕ್ಕೆ ವಿಜ್ಞಾನದ ತರಗತಿಯಲ್ಲಿ ಹೇಳತಕ್ಕ ಒಂದು ನಿದರ್ಶನವಿದೆ. 1998ರ ಡಿಸೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಮಂಗಳ ಗ್ರಹದ ಹವಾಮಾನವನ್ನು ನೋಡಲು ಒಂದು ನೌಕೆಯನ್ನು ಕಳುಹಿಸಿತು. ಅದರ ಚಾಲನೆಗೆ ಬೇಕಾದ ಲೆಕ್ಕಗಳನ್ನು ಕೊಲರಾಡೋದಲ್ಲಿದ್ದ ಒಂದು ತಂಡವೂ ಕ್ಯಾಲಿಫೋರ್ನಿಯಾದಲ್ಲಿದ್ದ ಇನ್ನೊಂದು ತಂಡವೂ ಹಂಚಿಕೊಂಡಿದ್ದುವು. ಒಂದು ತಂಡದ ಸಾಫ್ಟ್‌ವೇರು ಬಲದ ಲೆಕ್ಕವನ್ನು ಪೌಂಡಿನ ಮಾನದಲ್ಲಿ ಕೊಡುತ್ತಿತ್ತು. ಇನ್ನೊಂದು ತಂಡದವರು ಅದು ನ್ಯೂಟನ್ ಮಾನದಲ್ಲಿದೆಯೆಂದು ನಂಬಿದ್ದರು. ಇವೆರಡಕ್ಕೂ ಸುಮಾರು ನಾಲ್ಕೂವರೆ ಪಾಲಿನ ವ್ಯತ್ಯಾಸವಿದೆ. 1999ರ ಸೆಪ್ಟೆಂಬರ್ 23ರಂದು ಆ ನೌಕೆಯು ಮಂಗಳವನ್ನು ತಲುಪಿದಾಗ ಉದ್ದೇಶಿಸಿದ್ದ ಎತ್ತರಕ್ಕಿಂತ ಬಹಳ ಕೆಳಗೆ, ನೆಲದಿಂದ ಸುಮಾರು 57 ಕಿಲೋಮೀಟರುಗಳಷ್ಟು ಹತ್ತಿರಕ್ಕೆ ಹೋಗಿ ನಷ್ಟವಾಯಿತು. ಎರಡು ತಂಡಗಳಲ್ಲಿಯೂ ಬುದ್ಧಿವಂತರೇ ಇದ್ದರು. ಉತ್ತರದ ಮುಂದೆ ಮಾನವನ್ನು ಬರೆಯದ ಹುಡುಗಿಗೆ ಅರ್ಧ ಅಂಕವನ್ನು ಕಳೆದರೆ ನಮ್ಮೊಡನೆ ಜಗಳಕ್ಕೆ ಬರುವ ಪೋಷಕರು ಇದನ್ನೊಮ್ಮೆ ಓದಬೇಕೆಂದು ನನ್ನ ಪ್ರಾರ್ಥನೆ.

ಇನ್ನೊಂದು ಸಂಗತಿ. ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಕೆಲಸಗಾರರೆಲ್ಲರೂ ಬೇರೆ ಬೇರೆ ದೇಶಗಳಲ್ಲಿ ತಮ್ಮ ತಮ್ಮ ಮನೆಗಳಿಂದಲೇ ದುಡಿಯುವರು. 2017ರ ಜನವರಿ 31ರಂದು ಅದರ ಇಂಜಿನಿಯರೊಬ್ಬರು ರಾತ್ರಿಯ ಹೊತ್ತಿನಲ್ಲಿ ಒಂದು ತೊಂದರೆಯನ್ನು ಸರಿಪಡಿಸಲು ಹೋಗಿ, ಒಂದು ಯಂತ್ರವನ್ನು ಮತ್ತೊಂದೆಂದು ತಿಳಿದು, ಗಿರಾಕಿಗಳ ಮುಖ್ಯ ದಾಖಲೆಯ ಬಹುಭಾಗವನ್ನು ಅಳಿಸಿಬಿಟ್ಟರು. ಇಂತಹ ಸಮಯಕ್ಕೆಂದು ಇಟ್ಟಿದ್ದ ಹಲವು ಬಗೆಯ ಪ್ರತಿಗಳನ್ನು ಹುಡುಕಿದರೆ ಹೆಚ್ಚಿನವು ಕೆಲಸಕ್ಕೆ ಬರುವಂತಿರಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿಯಿಂದ ಉಳಿದುದನ್ನು ಮರಳಿ ಪಡೆದರು. ಅವರು ಅದನ್ನು ಮುಚ್ಚಿಡಲಿಲ್ಲ. ಸರಿಪಡಿಸುವ ಕೆಲಸವನ್ನು ಯಾರು ಬೇಕಾದರೂ ನೋಡುವಂತೆ ನೇರವಾಗಿ ಪ್ರಸಾರಮಾಡಿದರು. ಆಮೇಲೆ ದೋಷವನ್ನು ಒಬ್ಬರ ತಲೆಗೆ ಕಟ್ಟದೆ, ಪ್ರತಿಗಳನ್ನು ಪರೀಕ್ಷಿಸಿ ನೋಡುವ ಏರ್ಪಾಡು ಏಕೆ ಇರಲಿಲ್ಲವೆಂಬುದನ್ನು ವಿವರವಾಗಿ ಬರೆದು ಪ್ರಕಟಿಸಿದರು. ದೂರದಲ್ಲಿರುವವರು ತಪ್ಪನ್ನು ಬಚ್ಚಿಡುವುದು ಸುಲಭ. ಬಚ್ಚಿಟ್ಟರೆ ತಂಡವು ಮುರಿಯುವುದು. ತಪ್ಪನ್ನು ಒಡನೆ ಹೇಳಿದವಳನ್ನು ಬೈದರೆ ಮುಂದಿನ ಸಲ ಅವಳು ಹೇಳಲಾರಳೆಂಬುದು ಅವರ ವಾದ. ತರಗತಿಯಲ್ಲಿಯೂ ಇದು ನಿಜವೆಂದು ನನ್ನ ಸಹೋದ್ಯೋಗಿಗಳು ಒಪ್ಪುವರು.

ಇದನ್ನೆಲ್ಲ ಕಣ್ಣಾರೆ ನೋಡಬೇಕೆನ್ನುವವರು ಕನ್ನಡ ವಿಕಿಪೀಡಿಯವನ್ನು ತೆರೆದು ನೋಡಬಹುದು. 2003ರಲ್ಲಿ ಆರಂಭವಾದ ಆ ವಿಶ್ವಕೋಶವನ್ನು ಬರೆಯುತ್ತಿರುವವರು ಸಂಬಳವಿಲ್ಲದ ಕನ್ನಡಿಗರು. ಅವರು ನಾನಾ ಊರುಗಳಲ್ಲಿಯೂ ದೇಶಗಳಲ್ಲಿಯೂ ಚದುರಿರುವರು. ಸೂಳೆಕೆರೆಯ ವಿಷಯವನ್ನೋ ತುಂಗಭದ್ರೆಯ ವಿಷಯವನ್ನೋ ತೆರೆದು, ಪುಟದ ಮೇಲ್ಭಾಗದಲ್ಲಿ ಇತಿಹಾಸವೆಂಬ ಕಡೆ ಒತ್ತಿದರೆ, ಯಾವ ಹೊತ್ತಿನಲ್ಲಿ ಯಾರು ಯಾವ ಅಕ್ಷರವನ್ನು ತಿದ್ದಿದರೆಂಬುದು ಮೊದಲಿನಿಂದ ಕಾಣುವುದು. ಚರ್ಚೆ ಎಂಬ ಕಡೆ ಒತ್ತಿದರೆ ಅವರ ವಾದಗಳೂ ಕಾಣಬಹುದು. ನಮ್ಮ ಮಕ್ಕಳು ಸಂಸ್ಥೆಗಳಲ್ಲಿ ಮಾಡುವುದೂ ಬಹುಮಟ್ಟಿಗೆ ಇಂತಹುದೇ.

ಇಷ್ಟು ಹೇಳಿ, ದೂರದ ಕೆಲಸದಲ್ಲಿ ಕುಂದೇನೂ ಇಲ್ಲವೆಂದರೆ ಸುಳ್ಳಾಗುವುದು. ಹೊಸದಾಗಿ ಕೆಲಸಕ್ಕೆ ಸೇರಿದವಳು ಪಕ್ಕದ ಮೇಜಿನವರನ್ನು ಕೇಳಿ ಕಲಿಯುವುದು ಬಹಳ. ಅಮೆರಿಕದ ಒಂದು ದೊಡ್ಡ ಸಂಸ್ಥೆಯ ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಂಡದವರ ಹತ್ತಿರ ಕುಳಿತವರಿಗೆ ತಮ್ಮ ಬರಹದ ಮೇಲೆ ಹೆಚ್ಚು ಸಲಹೆಗಳು ದೊರೆಯುತ್ತಿದ್ದುವೆಂದೂ, ಹೊಸಬರಿಗೂ ಹೆಂಗಸರಿಗೂ ಈ ವ್ಯತ್ಯಾಸ ವಿಶೇಷವಾಗಿತ್ತೆಂದೂ ಕಂಡುಬಂದಿತು. ಇದಕ್ಕೆ ಪ್ರತಿಯಾಗಿ ಚೀನದ ಟ್ರಿಪ್ ಡಾಟ್ ಕಾಮ್ ಸಂಸ್ಥೆಯ 1,612 ಕೆಲಸಗಾರರ ಮೇಲೆ ನಡೆಸಿ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯೊಂದುಂಟು. ವಾರದಲ್ಲಿ ಎರಡು ದಿನ ಮನೆಯಿಂದ ದುಡಿದವರಲ್ಲಿ ಕೆಲಸ ಬಿಡುವವರ ಸಂಖ್ಯೆಯು ಮೂರರಲ್ಲೊಂದು ಪಾಲು ಕಡಮೆಯಾಯಿತು. ಕೆಲಸದ ಗುಣಕ್ಕಾಗಲಿ ಬಡ್ತಿಗಾಗಲಿ ಹಾನಿಯುಂಟಾಗಲಿಲ್ಲ. ಹೆಂಗಸರಿಗೂ, ಕಚೇರಿಗೆ ಬಹಳ ದೂರ ಓಡಾಡಬೇಕಾದವರಿಗೂ ಲಾಭವು ಹೆಚ್ಚಾಗಿತ್ತು. ಎರಡನ್ನೂ ಸೇರಿಸಿ ನೋಡಿದರೆ, ಮೊದಲ ಒಂದೆರಡು ವರ್ಷ ಹಿರಿಯರ ಸಮೀಪದಲ್ಲಿದ್ದು ಕೆಲಸವನ್ನು ಕಲಿತು, ಅನಂತರ ಊರಿಗೆ ಬರುವುದು ಲೇಸೆಂದು ನಾನು ನನ್ನನ್ನು ಕೇಳಿದ ಹುಡುಗಿಯರಿಗೆ ಹೇಳುತ್ತಿರುವೆನು.

ಮನೆಯ ವಿಚಾರವನ್ನು ಹೇಳದೆ ಬಿಡಲಾಗದು. ಹೊನ್ನಾಳಿಯ ಕಡೆಗೆ ಕೊಟ್ಟ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಬಂಧವನ್ನು ಕುದುರಿಸುವಾಗ, "ಹುಡುಗಿಗೆ ಮನೆಯಿಂದಲೇ ಕೆಲಸವಂತೆ" ಎಂಬುದನ್ನು ಗಂಡಿನವರು ದೊಡ್ಡ ಅನುಕೂಲವೆಂದು ಎಣಿಸಿದರು. ಮದುವೆಯಾದ ಮೇಲೆ ಆ ಮಾತಿನ ಅರ್ಥವು ಬೇರೆಯಾಯಿತು. ಮನೆಯಲ್ಲಿರುವವಳು ಬಿಡುವಾಗಿರುವಳೆಂದು ಎಲ್ಲರ ಭಾವನೆ. ಮೀಟಿಂಗಿನ ನಡುವೆ ಹಾಲು ಕಾಯಿಸಬೇಕು, ಬಂದವರಿಗೆ ಕಾಫಿ ಕೊಡಬೇಕು, ಬಾಗಿಲು ಹಾಕಿಕೊಂಡರೆ ಸೊಕ್ಕು. ಹಗಲಿನಲ್ಲಿ ಕೈಬಿಟ್ಟ ಕೆಲಸವನ್ನು ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದು ಮುಗಿಸುತ್ತಿದ್ದಳು. ಹದಿನಾಲ್ಕು ತಿಂಗಳ ಅನಂತರ ರಾಜೀನಾಮೆ ಕೊಟ್ಟಳು. ಅತ್ತೆಯವರು ಕೆಟ್ಟವರೇನೂ ಅಲ್ಲ. ಸೊಸೆಯ ಎದುರಿಗೆ ಪರದೆಯ ಆಚೆಗೆ ಎಂಟು ಜನ ಕಾದು ಕುಳಿತಿರುವರೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸೊಸೆಯು ಬೆಂಗಳೂರಿಗೆ ಹೋಗಿ ಕುಳಿತಿದ್ದರೆ ಅವಳನ್ನು ಹಾಲು ಕಾಯಿಸಲು ಕರೆಯುತ್ತಿದ್ದರೇ? ಜಗಳೂರಿನ ಮತ್ತೊಬ್ಬಳ ತಂದೆಯವರು ಹಿತ್ತಿಲ ಕಡೆಯ ಸಣ್ಣ ಕೋಣೆಯನ್ನು ಸುಣ್ಣ ಬಳಿಸಿ ಮಗಳಿಗೆ ಬಿಟ್ಟುಕೊಟ್ಟು, ಇನ್ವರ್ಟರ್ ಹಾಕಿಸಿ, ತಂತಿಯ ಸಂಪರ್ಕ ಕೆಟ್ಟರೆ ಫೋನಿನಿಂದ ನಡೆಯುವಂತೆ ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಇರಿಸಿರುವರು. ಬಾಗಿಲಿಗೆ ಕೆಂಪು ಟವಲ್ ನೇತುಹಾಕಿದ್ದರೆ ಯಾರೂ ಕರೆಯಕೂಡದೆಂದು ಮನೆಯವರಿಗೆಲ್ಲ ಅಪ್ಪಣೆ. ಆ ಹುಡುಗಿಯು ಈಗ ಹನ್ನೊಂದು ಜನರ ತಂಡಕ್ಕೆ ಮುಖ್ಯಸ್ಥೆ.

ತಾಯಂದಿರಾಗಲಿರುವವರು ತಿಳಿದಿರಬೇಕಾದ ಒಂದು ವಿಷಯವಿದೆ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಯನ್ನು ತಿದ್ದಿದಾಗ, ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ ರಜೆಯನ್ನು 26 ವಾರಗಳಿಗೆ ಹೆಚ್ಚಿಸಿದುದಲ್ಲದೆ, ಕೆಲಸದ ಸ್ವರೂಪವು ಒಪ್ಪುವುದಾದರೆ ರಜೆಯ ಅನಂತರವೂ ಮನೆಯಿಂದ ಕೆಲಸಮಾಡಲು ಇಬ್ಬರ ಒಪ್ಪಿಗೆಯಿಂದ ಅವಕಾಶ ಕೊಡಬಹುದೆಂದು ಸೇರಿಸಲಾಯಿತು. ಕಾಯಿದೆಯು ಅವಕಾಶವನ್ನು ಹೇಳುವುದೇ ಹೊರತು ಬಲವಂತಮಾಡುವುದಿಲ್ಲ. ಆದುದರಿಂದ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ, ರಜೆಗೆ ಹೋಗುವ ಮುಂಚೆಯೇ ಬರಹದಲ್ಲಿ ಪಡೆಯಬೇಕು.

ಊರಿನಲ್ಲಿ ಕೋಣೆ ಕಟ್ಟಿಸಲು ಹೊರಟಿರುವ ಪೋಷಕರೂ ಒಂದು ಕಾಗದವನ್ನು ನೋಡಬೇಕು. ಮಗಳ ನೇಮಕದ ಪತ್ರದಲ್ಲಿ ಕೆಲಸದ ಸ್ಥಳವೆಂದು ಯಾವ ಊರನ್ನು ಬರೆದಿದೆ? ಈಚೆಗೆ ಅನೇಕ ಸಂಸ್ಥೆಗಳು ತಮ್ಮವರನ್ನು ವಾರಕ್ಕೆ ಮೂರು ದಿನವೋ ಐದು ದಿನವೋ ಕಚೇರಿಗೆ ಹಿಂದಕ್ಕೆ ಕರೆದಿರುವುವು. ಪತ್ರದಲ್ಲಿ ಬೆಂಗಳೂರೆಂದಿದ್ದರೆ ಕರೆ ಬಂದ ದಿನ ಹೋಗಲೇಬೇಕಾಗುವುದು. ಬದಲಾವಣೆಗೆ ಎಷ್ಟು ದಿನಗಳ ಮುಂಚೆ ತಿಳಿಸುವರೆಂಬುದನ್ನೂ, ಇಂಟರ್‌ನೆಟ್ಟಿನ ಖರ್ಚು ಯಾರದೆಂಬುದನ್ನೂ ಅವಳು ಸಂಸ್ಥೆಯವರಿಂದ ಇ-ಮೇಲಿನಲ್ಲಿ ಕೇಳಿ ಉತ್ತರವನ್ನು ತೆಗೆದಿಟ್ಟುಕೊಂಡ ಮೇಲೆ ಗಾರೆಯವರನ್ನು ಕರೆಸಬಹುದು.